ಒಳಪಟ್ಟಿಯ ಸಾಲು ಎಲ್ಲಿ ಮುರಿಯಬೇಕು?

ಸಾಲ ಕೊಡುವವರಿಗೆ ಸಾಲು ಮುಖ್ಯ. ಇದು ಮಾತಿನ ಚಮತ್ಕಾರಕ್ಕೆ ಹೇಳಿದ್ದಲ್ಲ. ಡೊಂಬಿವಲಿ ಎಂ.ಐ.ಡಿ.ಸಿ., ಥಾಣೆಯ ವಾಗ್ಳೆ ಎಸ್ಟೇಟ್ ಕಡೆಯ ಸಣ್ಣ ಕಾರ್ಖಾನೆಗಳ ಸಾಲದ ಫೈಲುಗಳನ್ನು ವರ್ಷಗಟ್ಟಲೆ ನೋಡುತ್ತ ಬಂದವನು ನಾನು. ಮೊದಲು ಬರುತ್ತಿದ್ದದ್ದು ಕಾಗದ. ಮಾರಾಟದ ರಿಜಿಸ್ಟರಿನ ಜೆರಾಕ್ಸ್, ಬಾಕಿದಾರರ ಪಟ್ಟಿ, ಚಾರ್ಟರ್ಡ್ ಅಕೌಂಟೆಂಟರ ರುಜು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಆ ಕಾಗದಗಳ ಜೊತೆ ಇನ್ನೊಂದು ವಸ್ತು ಬರತೊಡಗಿತು. ಪೆನ್ ಡ್ರೈವಿನಲ್ಲೋ ಈಮೇಲಿನಲ್ಲೋ ಬರುವ ಒಂದು ಫೈಲು, ಬಾಲದಲ್ಲಿ ‘ಜೇಸನ್’ ಅಂತ ಹೆಸರು. ಯಾರೋ ಫಿರಂಗಿ ಹುಡುಗನ ಹೆಸರಿನ ಹಾಗೆ ಕೇಳುತ್ತದೆ, ಅಲ್ವೇ? ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ನೊಟೇಶನ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳು ಅಷ್ಟೆ.

ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಕಾಣುವುದು ಒಂದೇ ಒಂದು ಸಾಲು. ಅರ್ಧ ಕಿಲೋಮೀಟರ್ ಉದ್ದದ ಸಾಲು ಅನ್ನಿ. ಬ್ರಾಕೆಟ್ಟು, ಕೋಟ್ ಗುರುತು, ಕಾಮಾ, ಅಂಕಿ, ಮತ್ತೆ ಬ್ರಾಕೆಟ್ಟು. ಕಂಪ್ಯೂಟರಿಗೆ ಇದರಿಂದ ಏನೂ ತೊಂದರೆಯಿಲ್ಲ, ತೊಂದರೆ ಇರುವುದು ಓದಬೇಕಾದ ಮನುಷ್ಯನಿಗೆ. ಈ ಸಾಲನ್ನು ಎಲ್ಲಿ ಮುರಿಯಬೇಕು, ಯಾವುದನ್ನು ಒಟ್ಟಿಗೆ ಇಡಬೇಕು ಎಂಬ ಪ್ರಶ್ನೆಗೆ ಒಂದು ಚರಿತ್ರೆಯೇ ಇದೆ ಎಂದು ನನಗೆ ಗೊತ್ತಾದದ್ದು ತಡವಾಗಿ. ಬಿ.ಕಾಂ. ಓದಿದವನ ಕಣ್ಣಿಗೆ ಕಂಡಂತೆ ಅದನ್ನು ಬರೆಯುತ್ತಿದ್ದೇನೆ. ಸಾಫ್ಟ್‌ವೇರಿನವರು ನಗಬಾರದು.

ಮೊದಲು ಆ ಫೈಲಿನ ಹೊಟ್ಟೆಯೊಳಗೆ ಏನಿದೆ ನೋಡೋಣ. ಮಾರಾಟದ ರಿಟರ್ನ್ ಅಂದರೆ ಜಿ.ಎಸ್.ಟಿ.ಆರ್.-1. ಮೇಲ್ಗಡೆ ವ್ಯಾಪಾರಿಯ 15 ಅಕ್ಷರದ ನೋಂದಣಿ ಸಂಖ್ಯೆ (ಮಹಾರಾಷ್ಟ್ರದ್ದಾದರೆ 27ರಿಂದ ಶುರು, ನಮ್ಮ ಕರ್ನಾಟಕದ್ದು 29), ಆಮೇಲೆ ತಿಂಗಳು. ಅದರ ಕೆಳಗೆ ‘ಬಿ-ಟು-ಬಿ’ ಎಂಬ ಪಟ್ಟಿ, ಅಂದರೆ ನೋಂದಾಯಿತ ಗಿರಾಕಿಗಳದ್ದು. ಪ್ರತಿ ಗಿರಾಕಿಯೊಳಗೆ ಅವನಿಗೆ ಬರೆದ ಬಿಲ್ಲುಗಳ ಪಟ್ಟಿ. ಪ್ರತಿ ಬಿಲ್ಲಿನೊಳಗೆ ತೆರಿಗೆ ದರದ ಪ್ರಕಾರ ಬಾಬ್ತುಗಳ ಪಟ್ಟಿ. ಪ್ರತಿ ಬಾಬ್ತಿನೊಳಗೆ ದರ, ತೆರಿಗೆಗೆ ಒಳಪಡುವ ಮೌಲ್ಯ, ಕೇಂದ್ರದ ಪಾಲು, ರಾಜ್ಯದ ಪಾಲು. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಪಟ್ಟಿ. ಊರಿನ ಮದುವೆಮನೆಯಲ್ಲಿ ಹಂಡೆಯೊಳಗೆ ಕೊಳದಪ್ಪಲೆ, ಕೊಳದಪ್ಪಲೆಯೊಳಗೆ ಚೆಂಬು ಇಟ್ಟು ಅಟ್ಟಕ್ಕೇರಿಸುತ್ತಾರಲ್ಲ, ಹಾಗೆ.

ನಮ್ಮವರ ಉಡುಪಿ ಹೋಟೆಲಿನ ಫೈಲು ಮಾತ್ರ ಬಹಳ ಸಪೂರ. ಇಡ್ಲಿ ತಿನ್ನಲು ಬರುವವನು ನೋಂದಣಿ ಸಂಖ್ಯೆ ಕೊಡುವುದಿಲ್ಲ. ಆದ್ದರಿಂದ ಅಲ್ಲಿ ರಾಜ್ಯ ಮತ್ತು ದರದ ಪ್ರಕಾರ ತಿಂಗಳ ಒಟ್ಟು ಮೊತ್ತ ಬರೆದರೆ ಸಾಕು. ಒಂದು ಸಾಲಿನ ಕೆಲಸ. ಆದರೆ ಹೋಟೆಲಿಗೆ ಸ್ಟೀಲಿನ ಟೇಬಲ್ ಮಾಡಿಕೊಡುವ ಡೊಂಬಿವಲಿಯ ವರ್ಕ್‌ಶಾಪಿನ ಫೈಲು ನಾಲ್ಕೈದು ಪದರದ್ದು. ಕಷ್ಟವಿರುವುದು ಅಲ್ಲೇ.

ಈ ಕಷ್ಟ ಕಂಪ್ಯೂಟರ್ ತಂದದ್ದಲ್ಲ. ಪಟ್ಟಿಯೊಳಗಿನ ಪಟ್ಟಿಯನ್ನು ಹೇಗೆ ಬರೆಯುವುದು ಎನ್ನುವುದು ಲೆಕ್ಕ ಬರೆಯುವವರ ಹಳೆಯ ತಲೆನೋವು. ಈಗ ನಾವು ಕಂಪ್ಯೂಟರಿನ ಫೈಲಿಗೆ ‘ಕಡತ’ ಅನ್ನುತ್ತೇವೆ. ಮೂಲದ ಕಡತ ಅಂದರೆ ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಕಪ್ಪು ಮಾಡಿ, ಅದನ್ನು ಹಾರ್ಮೋನಿಯಂ ತಿದಿಯಂತೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಚರಿತ್ರಕಾರರಿಗೆ ಆಕರ. ಬಟ್ಟೆಯ ಮಡಿಕೆಗೆ ಒಂದು ಅಳತೆ ಇದೆ. ಸಾಲು ಆ ಮಡಿಕೆಯೊಳಗೆ ಮುಗಿಯಬೇಕು. ಅಂದರೆ ಸಾಲು ಎಲ್ಲಿ ಮುರಿಯಬೇಕು ಎಂಬುದನ್ನು ಅರ್ಧ ಬಟ್ಟೆಯೇ ಹೇಳುತ್ತಿತ್ತು, ಇನ್ನರ್ಧ ಬರೆಯುವ ಶಾನುಭೋಗರ ಕೈ.

ನಮ್ಮ ಕರಾವಳಿಯ ಉದಾಹರಣೆ ಬೇಕೆಂದರೆ ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು) 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೆ ಏಜೆಂಟ್ ಬರುತ್ತಿದ್ದ. ಅಂಥ ವಸೂಲಿಯ ಲೆಕ್ಕವನ್ನು ಯೋಚಿಸಿ ನೋಡಿ. ಗಿರಾಕಿಗಳ ಪಟ್ಟಿ, ಪ್ರತಿ ಗಿರಾಕಿಯೊಳಗೆ 30 ದಿನಗಳ ಮೊತ್ತದ ಪಟ್ಟಿ. ಇದನ್ನು ಹಾಳೆಯ ಮೇಲೆ ಬರೆಯುವ ಯಾವನೂ ಒಂದು ದಿನಕ್ಕೆ ಒಂದು ಸಾಲು ಕೊಡುವುದಿಲ್ಲ. ಗಿರಾಕಿಗೆ ಒಂದು ಅಡ್ಡಸಾಲು, ಅದರಲ್ಲಿ ದಿನಕ್ಕೊಂದು ಮನೆ. ಹೊರಗಿನ ಪಟ್ಟಿ ಕೆಳಮುಖ, ಒಳಗಿನ ಪಟ್ಟಿ ಅಡ್ಡ. ಯಾರು ಎಷ್ಟು ದಿನ ತಪ್ಪಿಸಿದರು ಎಂದು ಒಂದೇ ನೋಟಕ್ಕೆ ಸಿಗುತ್ತದೆ. ಇದು ಯಾರೂ ಕಾಲೇಜಿನಲ್ಲಿ ಕಲಿಸಿದ ವಿದ್ಯೆಯಲ್ಲ.

ಕಾಲೇಜಿನಲ್ಲಿ ಕಲಿಸಿದ್ದು ಇನ್ನೊಂದಿದೆ. ಬಿ.ಕಾಂ. ಮಾಡಿದವರಿಗೆ ‘ಇನ್ನರ್ ಕಾಲಮ್’ ನೆನಪಿರಬೇಕು. ಆಸ್ತಿಯ ಬದಿಯಲ್ಲಿ ಯಂತ್ರೋಪಕರಣ, ಒಳಗಿನ ಕಾಲಮಿನಲ್ಲಿ ಮೂಲ ಬೆಲೆ, ಅದರ ಕೆಳಗೆ ಸವಕಳಿ ಕಳೆದು, ಉಳಿದದ್ದನ್ನು ಹೊರಗಿನ ಕಾಲಮಿಗೆ ತಳ್ಳುವುದು. ಎರಡು ಪದರದ ಮಾಹಿತಿಗೆ ಎರಡು ಕಾಲಮು. 2011ರ ಏಪ್ರಿಲ್ 1ರಿಂದ ಶುರುವಾದ ಲೆಕ್ಕವರ್ಷಕ್ಕೆ ಪರಿಷ್ಕೃತ ಶೆಡ್ಯೂಲ್ 6 ಬಂದಾಗ ಎಡ-ಬಲದ ‘ಟಿ’ ಆಕಾರವನ್ನೇ ಕೈಬಿಟ್ಟು ಮೇಲಿಂದ ಕೆಳಕ್ಕೆ ಬರೆಯುವ ಒಂದೇ ನಮೂನೆ ಇಟ್ಟರು. ಒಳವಿವರಗಳೆಲ್ಲ ಟಿಪ್ಪಣಿಗಳಿಗೆ ಹೋದವು. ಸರಕಾರದ ಕಾನೂನೊಂದು ಒಳಪಟ್ಟಿಯ ಸಾಲು ಎಲ್ಲಿರಬೇಕು ಎಂದು ಹೇಳಿದ್ದು ನನ್ನ ನೌಕರಿಯ ಅವಧಿಯಲ್ಲೇ ಕಂಡೆ!

ಇನ್ನು ಯಂತ್ರಗಳ ಕಾಲ. ಬ್ಯಾಂಕುಗಳ ದೊಡ್ಡ ಕಂಪ್ಯೂಟರುಗಳ ಭಾಷೆ ಕೋಬಾಲ್, 1959-60ರಲ್ಲಿ ರೂಪುಗೊಂಡದ್ದು. ಅದರಲ್ಲಿ ಪಟ್ಟಿ ಬೇಕಾದರೆ ‘ಆಕರ್ಸ್’ ಎಂಬ ಮಾತಿನಿಂದ ಮೊದಲೇ ಹೇಳಬೇಕು: ಈ ಬಾಬ್ತು 12 ಸಲ ಬರುತ್ತದೆ, ಇಷ್ಟು ಅಂಕಿ ಅಗಲ. ಪಟ್ಟಿಯೊಳಗೆ ಪಟ್ಟಿ ಮೊದಲು ಮೂರು ಪದರದವರೆಗೆ ಮಾತ್ರ, 1985ರ ಆವೃತ್ತಿಯಲ್ಲಿ ಏಳಕ್ಕೆ ಏರಿತು. ಬ್ರಾಕೆಟ್ ಇಲ್ಲ, ಗುರುತಿಲ್ಲ. ಅಚ್ಚು ಹಾಕಿದ ಫಾರಂ ಇದ್ದ ಹಾಗೆ, ಏನೂ ಬರೆಯದಿದ್ದರೂ ಮನೆ ಖಾಲಿಯಾಗಿ ಉಳಿಯುತ್ತದೆ. ನಮ್ಮ ದೇಶದ ಶಾಖೆಗಳಿಗೆ ಯಂತ್ರ ಬಂದದ್ದು 1984ರ ರಂಗರಾಜನ್ ಸಮಿತಿಯ ವರದಿಯ ನಂತರ. ಲೆಡ್ಜರ್ ಪೋಸ್ಟಿಂಗ್ ಮೆಶಿನ್ ಅಂತ ಕರೆಯುತ್ತಿದ್ದರು. ಹೆಸರಿನಲ್ಲೇ ಲೆಡ್ಜರ್ ಇತ್ತು. ಯಂತ್ರಕ್ಕೂ ಹಾಳೆಯ ಅಳತೆ ಬಿಡಲಾಗಲಿಲ್ಲ.

ದೇಶದೇಶಗಳ ನಡುವೆ ಹಣ ಕಳಿಸುವ ಸ್ವಿಫ್ಟ್ 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ 1977ರಲ್ಲಿ ಸಂದೇಶ ಕಳಿಸಲು ಶುರು ಮಾಡಿತು. ಗಲ್ಫಿನಲ್ಲಿ ದುಡಿದವರ ಮನೆಗಳಿಗೆ ಇದರ ಉಪಕಾರ ಗೊತ್ತು. ಆ ಸಂದೇಶಗಳಲ್ಲಿ ಫ್ಲವರ್ ಬ್ರಾಕೆಟ್ಟಿನ ಕಟ್ಟುಗಳಿವೆ. ಅದರೊಳಗೆ ಪ್ರತಿ ಬಾಬ್ತು ಹೊಸ ಸಾಲಿನಲ್ಲಿ, ಕೋಲನ್ನಿನ ನಡುವೆ ಒಂದು ಸಂಖ್ಯೆಯಿಂದ ಶುರು. ಖಾತೆಯ ಸ್ಟೇಟ್‌ಮೆಂಟಿನಲ್ಲಿ 61 ಬಂದರೆ ಒಂದು ವ್ಯವಹಾರ, ಅದರ ಬೆನ್ನಿಗೆ 86 ಬಂದರೆ ಅದರ ವಿವರಣೆ, ಮತ್ತೆ 61. ಇಲ್ಲಿ ಸಾಲು ಮುರಿಯುವುದು ಅಲಂಕಾರವಲ್ಲ, ಅದೇ ವ್ಯಾಕರಣ. ಒಂದು ಎಂಟರ್ ಹೆಚ್ಚುಕಮ್ಮಿಯಾದರೆ ಸಂದೇಶವೇ ಕೆಟ್ಟುಹೋಗುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಜೇಸನ್ ಇದಕ್ಕೆ ತದ್ವಿರುದ್ಧ.

ಅತ್ತ ಅಮೆರಿಕದ ಎಂ.ಐ.ಟಿ.ಯಲ್ಲಿ 1958ರಲ್ಲಿ ಜಾನ್ ಮೆಕಾರ್ಥಿ ಎಂಬವರು ಲಿಸ್ಪ್ ಎಂಬ ಭಾಷೆ ಕಟ್ಟಲು ಶುರು ಮಾಡಿದ್ದರು. ಅದರಲ್ಲಿ ಎಲ್ಲವೂ ಪಟ್ಟಿಯೇ, ಪಟ್ಟಿಯೊಳಗೆ ಪಟ್ಟಿಯೇ. ಬರೆಯುವುದು ಬ್ರಾಕೆಟ್ಟಿನಲ್ಲಿ. ಸಾಲಿನ ಕೊನೆಯಲ್ಲಿ ಹತ್ತು ಬ್ರಾಕೆಟ್ ಒಟ್ಟಿಗೆ ಮುಚ್ಚಿದರೆ ಯಾವುದು ಯಾವುದರ ಜೋಡಿ ಎಂದು ಬರೆದವನಿಗೇ ಗೊತ್ತಾಗದ ಪರಿಸ್ಥಿತಿ. ಆಗ, 1967ರ ಸುಮಾರಿಗೆ, ಬಿಲ್ ಗಾಸ್ಪರ್ ಎಂಬವರು ಇವುಗಳನ್ನು ಚೆನ್ನಾಗಿ ಜೋಡಿಸಿ ಬರೆಯುವ ಒಂದು ಪ್ರೋಗ್ರಾಂ ಮಾಡಿದರು. ಅದಕ್ಕೆ ಇಟ್ಟ ಹೆಸರಿನ ಅರ್ಥ ‘ರುಬ್ಬು’! ಲಿಸ್ಪ್ ಜನರ ಬಾಯಲ್ಲಿ ಪಟ್ಟಿಯನ್ನು ಅಚ್ಚುಕಟ್ಟಾಗಿ ಬರೆಯುವುದೆಂದರೆ ರುಬ್ಬುವುದು. ಉದ್ದಿನಬೇಳೆ ರುಬ್ಬುವವರ ನಾಡಿನಿಂದ ಬಂದ ನನಗೆ ಈ ಹೆಸರು ಬಹಳ ಹಿಡಿಸಿತು.

1973ರಲ್ಲಿ ಎಂ.ಐ.ಟಿ.ಯ ಐರಾ ಗೋಲ್ಡ್‌ಸ್ಟೀನ್ ಇದರ ಬಗ್ಗೆಯೇ ಒಂದು ಬರಹ ಬರೆದರು. 1980ರಲ್ಲಿ ಸ್ಟ್ಯಾನ್‌ಫರ್ಡಿನ ಡೆರೆಕ್ ಆಪನ್ ಪ್ರಕಟಿಸಿದ ವಿಧಾನವಂತೂ ಇವತ್ತಿಗೂ ಬುನಾದಿ. ಅದರ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ನಿನ್ನ ಹಾಳೆಯ ಅಗಲ ಎಷ್ಟು ಹೇಳು. ಒಂದು ಪಟ್ಟಿ, ಅದರ ಹೊಟ್ಟೆಯಲ್ಲಿರುವುದೆಲ್ಲ ಸೇರಿ, ಆ ಅಗಲದಲ್ಲಿ ಹಿಡಿಸಿದರೆ ಒಂದೇ ಸಾಲಿನಲ್ಲಿ ಬರೆ. ಹಿಡಿಸದಿದ್ದರೆ ಮಾತ್ರ ಮುರಿ, ಒಳಗಿನದನ್ನು ಸ್ವಲ್ಪ ಬಲಕ್ಕೆ ಸರಿಸು. ಮುರಿಯುವಾಗಲೂ ಎರಡು ಬಗೆ. ಎಲ್ಲ ಬಾಬ್ತುಗಳನ್ನೂ ಒಂದೊಂದು ಸಾಲಿಗೆ ಇಳಿಸುವುದು ಒಂದು, ಸಾಲು ತುಂಬುವಷ್ಟು ತುಂಬಿ ಮುಂದಿನ ಸಾಲಿಗೆ ಹೋಗುವುದು ಇನ್ನೊಂದು. ನಮ್ಮ ಶಾನುಭೋಗರು ಕಡತದ ಮಡಿಕೆ ನೋಡಿ ಮಾಡುತ್ತಿದ್ದ ಕೆಲಸವನ್ನು ಇವರು ಯಂತ್ರಕ್ಕೆ ಕಲಿಸಿದರು. ಅಂದರೆ 1980ರ ಹೊತ್ತಿಗೇ ಈ ತಲೆನೋವಿಗೆ ಮದ್ದು ಸಿಕ್ಕಿತ್ತು.

ಹಾಗಾದರೆ ಡೊಂಬಿವಲಿಯ ಫೈಲು ಯಾಕೆ ಓದಲು ಬರುವುದಿಲ್ಲ? ಅದಕ್ಕೆ ಜೇಸನ್‌ನ ಜಾತಕ ನೋಡಬೇಕು. 2001ರಲ್ಲಿ ಡಗ್ಲಾಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ ತಮ್ಮ ಕಂಪನಿಯ ಕೆಲಸಕ್ಕೆ ಬ್ರೌಸರಿಗೂ ಸರ್ವರಿಗೂ ನಡುವೆ ಮಾಹಿತಿ ಕಳಿಸಲು ಜಾವಾಸ್ಕ್ರಿಪ್ಟಿನ ಒಂದು ತುಣುಕನ್ನೇ ಬಳಸಿದರು. ಆಗ ಎಲ್ಲರೂ ಕೊಂಡಾಡುತ್ತಿದ್ದದ್ದು 1998ರಲ್ಲಿ ಬಂದ ಎಕ್ಸ್.ಎಂ.ಎಲ್. ಅನ್ನು. ಅದರಲ್ಲಿ ಪ್ರತಿ ಬಾಬ್ತಿಗೂ ತೆರೆಯುವ ಹೆಸರು, ಮುಚ್ಚುವ ಹೆಸರು ಬೇಕು. ಅದರ ಮುಂದೆ ಜೇಸನ್ ಬಹಳ ಸರಳ. 2006ರ ಜುಲೈಯಲ್ಲಿ ಅದರ ಮೊದಲ ಆರ್.ಎಫ್.ಸಿ. (4627ನೇ ಸಂಖ್ಯೆಯದು) ಬಂತು. ಅದರ ಒಂದು ನಿಯಮ ನಮ್ಮ ಕತೆಗೆ ಮುಖ್ಯ. ಬ್ರಾಕೆಟ್, ಕೋಲನ್, ಕಾಮಾಗಳ ಆಚೀಚೆ ಖಾಲಿ ಜಾಗ, ಟ್ಯಾಬ್, ಹೊಸ ಸಾಲು ಎಷ್ಟು ಬೇಕಾದರೂ ಇರಬಹುದು, ಅದಕ್ಕೆ ಅರ್ಥವಿಲ್ಲ. ಸ್ವಿಫ್ಟಿನಲ್ಲಿ ಎಂಟರ್ ಒತ್ತುವುದು ವ್ಯಾಕರಣ, ಇಲ್ಲಿ ಅದು ಗಾಳಿ.

ಅರ್ಥವಿಲ್ಲದ್ದನ್ನು ಯಾರು ತಲೆಗೆ ಹಚ್ಚಿಕೊಳ್ಳುತ್ತಾರೆ? 2009ರ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟಿನ ಐದನೇ ಆವೃತ್ತಿಯ ಪ್ರಮಾಣಪತ್ರ ಹೊರಟಾಗ ‘ಸ್ಟ್ರಿಂಗಿಫೈ’ ಎಂಬ ಕ್ರಿಯೆ ಅದರೊಳಗೆ ಸೇರಿತು. ಕಂಪ್ಯೂಟರಿನ ನೆನಪಿನಲ್ಲಿರುವ ವಸ್ತುವನ್ನು ಜೇಸನ್ ಸಾಲಾಗಿ ಬರೆಯುವುದು ಅದರ ಕೆಲಸ. ಅದಕ್ಕೆ ಮೂರು ಸಂಗತಿ ಕೊಡಬಹುದು: ವಸ್ತು, ಬರೆಯುವ ಮುನ್ನ ಬದಲಿಸಬೇಕಾದ್ದನ್ನು ಹೇಳುವ ನಿಯಮ, ಮೂರನೆಯದು ಒಂದು ಅಂಕಿ. ಅಂಕಿ ಕೊಡದಿದ್ದರೆ ಎಲ್ಲವೂ ಒಂದೇ ಸಾಲು. 2 ಎಂದು ಕೊಟ್ಟರೆ ಪ್ರತಿ ಪದರಕ್ಕೆ ಎರಡು ಜಾಗ ಬಿಟ್ಟು ಎಲ್ಲವನ್ನೂ ಮುರಿಯುತ್ತದೆ. ಹತ್ತರ ಮೇಲೆ ಎಷ್ಟು ಕೊಟ್ಟರೂ ಹತ್ತೇ. ಇಷ್ಟು ಬಿಟ್ಟರೆ ಹೇಳಿಕೊಳ್ಳಲು ಬೇರೆ ಜಾಗವಿಲ್ಲ. ಹೊರಗಿನ ಪಟ್ಟಿ ಮುರಿ, ಒಳಗಿನದನ್ನು ಮುರಿಯಬೇಡ ಎಂದು ಹೇಳುವ ದಾರಿ ಇಲ್ಲ. ಹಾಳೆಯ ಅಗಲ ಎಷ್ಟೆಂದು ಅದು ಕೇಳುವುದೂ ಇಲ್ಲ. 2008ರಿಂದ ಪೈಥಾನ್ ಭಾಷೆಯ ಜೊತೆ ಬಂದ ಜೇಸನ್ ಬರಹಗಾರನದ್ದೂ ಇದೇ ಹಾಡು.

ಇದರ ಪರಿಣಾಮ ಕಣ್ಣಿಂದ ನೋಡಿದರೆ ಒಳ್ಳೆಯದು. ಜಿ.ಎಸ್.ಟಿ. ಫೈಲನ್ನು ಬಹಳ ಸರಳ ಮಾಡಿ ಒಂದು ಬಿಲ್ಲು ತೆಗೆದುಕೊಂಡಿದ್ದೇನೆ. ಪ್ರತಿ ಬಾಬ್ತಿನಲ್ಲಿ ದರ, ಮೌಲ್ಯ, ಕೇಂದ್ರದ ಪಾಲು, ರಾಜ್ಯದ ಪಾಲು (ನಿಜವಾದ ಫೈಲಿನಲ್ಲಿ ಪ್ರತಿ ಅಂಕಿಗೂ ಹೆಸರಿರುತ್ತದೆ). ಒಂದೇ ಸಾಲಿನಲ್ಲಿ ಹೀಗೆ:

{"ಗಿರಾಕಿ":"ಕ","ಬಿಲ್ಲು":[{"ನಂ":"41","ಬಾಬ್ತು":[[18,1000,90,90],[5,400,10,10]]}]}

ಸ್ಟ್ರಿಂಗಿಫೈಗೆ 2 ಎಂದು ಕೊಟ್ಟರೆ:

{
  "ಗಿರಾಕಿ": "ಕ",
  "ಬಿಲ್ಲು": [
    {
      "ನಂ": "41",
      "ಬಾಬ್ತು": [
        [
          18,
          1000,
          90,
          90
        ],
        [
          5,
          400,
          10,
          10
        ]
      ]
    }
  ]
}

ಎಣಿಸಿ ನೋಡಿ, 22 ಸಾಲು. 90ರ ಕೆಳಗೆ 90, ಯಾವುದು ಕೇಂದ್ರದ್ದು ಯಾವುದು ರಾಜ್ಯದ್ದು? ಈಗ ಲೆಕ್ಕ ಬರೆಯುವವನು ಬರೆಯುವ ಹಾಗೆ:

{
  "ಗಿರಾಕಿ": "ಕ",
  "ಬಿಲ್ಲು": [
    { "ನಂ": "41",
      "ಬಾಬ್ತು": [
        [18, 1000, 90, 90],
        [ 5,  400, 10, 10]
      ]
    }
  ]
}

11 ಸಾಲು, ಸರಿಯಾಗಿ ಅರ್ಧ. 18ರ ದರದ ಬಾಬ್ತು ಒಂದು ಸಾಲು, 5ರದ್ದು ಇನ್ನೊಂದು. ಅಂಕಿಗಳು ಒಂದರ ಕೆಳಗೊಂದು ಕೂತಿವೆ. ಪಿಗ್ಮಿ ಲೆಕ್ಕದ ಹಾಗೆ. ಯಂತ್ರದ ದೃಷ್ಟಿಯಲ್ಲಿ ಮೂರೂ ಒಂದೇ.

ಇದರಲ್ಲಿ ಏನು ಮಹಾ ಎಂದು ಕೇಳಬಹುದು. ಒಂದು ಪ್ರಸಂಗ ಹೇಳುತ್ತೇನೆ, ಹೆಸರು ಬೇಡ. ಎಂ.ಐ.ಡಿ.ಸಿ.ಯ ಎರಡನೇ ಫೇಸಿನ ಒಂದು ಸಣ್ಣ ಕಾರ್ಖಾನೆ, ಮಾಲೀಕರು ಕುಂದಾಪುರದ ಕಡೆಯವರು, ಕ್ಯಾಶ್ ಕ್ರೆಡಿಟ್ ಮಿತಿ ಏರಿಸಿ ಎಂದು ಅರ್ಜಿ ಕೊಟ್ಟಿದ್ದರು. ಮಾರ್ಚಿನ ಮಾರಾಟ ಭರ್ಜರಿ. ಮಾರ್ಚ್, ಏಪ್ರಿಲ್ ಎರಡೂ ತಿಂಗಳ ಜೇಸನ್ ತರಿಸಿದೆ. ಪೂರ್ತಿ ಮುರಿದ ರೂಪದಲ್ಲಿ ಅದನ್ನು ಪ್ರಿಂಟ್ ಮಾಡಿದರೆ ಒಂದು ರಿಮ್ಮಿನ ಅರ್ಧ ಹೋಗುತ್ತದೆ, ಯಾರೂ ಓದುವುದಿಲ್ಲ. ನನ್ನ ಮಗಳು ಐರೋಳಿಯ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ರಾತ್ರಿ ಊಟದ ಹೊತ್ತಿಗೆ, ಯಾರ ಫೈಲು ಏನು ಎಂದು ಹೇಳದೆ, ಮೇಲೆ ಕೊಟ್ಟಂಥ ಒಂದು ಸುಳ್ಳು ಬಿಲ್ಲನ್ನು ಕಾಗದದಲ್ಲಿ ಬರೆದು ಕೇಳಿದೆ. ಒಳಗಿನ ಪಟ್ಟಿ ಮಾತ್ರ ಒಂದೇ ಸಾಲಿನಲ್ಲಿ ಬರುವ ಹಾಗೆ ಮಾಡಲು ಆಗುತ್ತದಾ?

‘ಅಪ್ಪಾ, ಇದು ನಮ್ಮ ಆಫೀಸಿನಲ್ಲೂ ವಾರಕ್ಕೊಮ್ಮೆ ಯಾರಾದರೂ ಕೇಳುವ ಪ್ರಶ್ನೆ’ ಎಂದು ನಕ್ಕಳು.

ಅವಳು ಹೇಳಿದ ಮೊದಲ ಉಪಾಯ ನಮ್ಮ ಮುಂಬಯಿ ಭಾಷೆಯಲ್ಲಿ ಜುಗಾಡ್. ಸ್ಟ್ರಿಂಗಿಫೈನ ಎರಡನೇ ಜಾಗದಲ್ಲಿ ಒಂದು ನಿಯಮ ಕೊಡುವುದು: ಒಳಗಿನ ಪಟ್ಟಿ ಕಂಡ ಕೂಡಲೇ ಅದನ್ನು ಮೊದಲೇ ಒಂದೇ ಸಾಲಿನ ಪಠ್ಯ ಮಾಡಿಬಿಡು. ಆಗ ಹೊರಗಿನದನ್ನು ಮುರಿಯುವಾಗ ಒಳಗಿನದು ಬರೀ ಅಕ್ಷರಮಾಲೆಯಂತೆ ಕಂಡು ಹಾಗೇ ಉಳಿಯುತ್ತದೆ. ಕೊನೆಗೆ ಅದರ ಸುತ್ತ ಬಿದ್ದ ಕೋಟ್ ಗುರುತುಗಳನ್ನು ಹುಡುಕಿ ಕಿತ್ತುಹಾಕಬೇಕು. ಕೆಲಸ ಆಗುತ್ತದೆ. ಆದರೆ ಗಿರಾಕಿಯ ಹೆಸರಿನಲ್ಲೋ ಮಾಲಿನ ವರ್ಣನೆಯಲ್ಲೋ ನಿಜವಾಗಿಯೂ ಒಂದು ಬ್ರಾಕೆಟ್ಟೋ ಕೋಟ್ ಗುರುತೋ ಇದ್ದರೆ (ಪೈಪಿನ ಅಳತೆಗೆ ಇಂಚಿನ ಗುರುತು ಹಾಕುತ್ತಾರಲ್ಲ) ಕೀಳಬಾರದ ಕಡೆ ಕಿತ್ತು ಫೈಲು ಹಾಳು. ಮೈಕ್ರೋಸಾಫ್ಟಿನ ಸಿ-ಶಾರ್ಪ್ ಬಳಸುವವರು ಜೇಸನ್ ಡಾಟ್ ನೆಟ್ ಎಂಬ ಗ್ರಂಥಾಲಯದಲ್ಲಿ ಇದಕ್ಕಿಂತ ಸಭ್ಯವಾದ ದಾರಿ ಹಿಡಿಯುತ್ತಾರೆ. ಇಂಥ ಜಾತಿಯ ಪಟ್ಟಿ ಬಂದರೆ ಬರೆಯುವ ಕೆಲಸ ಈ ಗುಮಾಸ್ತನಿಗೆ ಎಂದು ಒಬ್ಬ ಪ್ರತ್ಯೇಕ ‘ಕನ್ವರ್ಟರ್’ ನೇಮಿಸಿ, ಆ ಪಟ್ಟಿಯ ಮಟ್ಟಿಗೆ ಮುರಿಯುವುದನ್ನು ನಿಲ್ಲಿಸುವುದು. ಎರಡನೇ ಉಪಾಯ ಆಪನ್ ಹೇಳಿದ್ದೇ. ಅಗಲದಲ್ಲಿ ಹಿಡಿಸಿದರೆ ಒಂದು ಸಾಲು ಎನ್ನುವ ಪುಟ್ಟ ಪ್ರೋಗ್ರಾಂಗಳು ಈಗ ಬೇಕಾದಷ್ಟಿವೆ. 2017ರಲ್ಲಿ ಬಂದ ‘ಪ್ರೆಟಿಯರ್’ ಅಂಥದ್ದು, ಅದು ಆಪನ್ ನಂತರದ ಫಿಲಿಪ್ ವಾಡ್ಲರ್ ಎಂಬವರ ವಿಧಾನದಿಂದ ಹೊರಟದ್ದು. ‘ಫ್ರಾಕ್ಚರ್ಡ್ ಜೇಸನ್’ ಎನ್ನುವುದಂತೂ ಅಂಕಿಗಳನ್ನು ಕಾಲಮ್ಮಿನಲ್ಲಿ ಕೂರಿಸುವವರೆಗೂ ಹೋಗುತ್ತದೆ. ಅದನ್ನು ಮಾಡಿದವರು ಲೆಡ್ಜರ್ ನೋಡಿದ್ದರೋ ಏನೋ.

ನಮ್ಮ ಕನ್ನಡಕ್ಕೆ ಇಲ್ಲೊಂದು ಸಣ್ಣ ಮೋಸವಿದೆ. ಈ ಪ್ರೋಗ್ರಾಂಗಳು ಅಗಲವನ್ನು ಅಕ್ಷರ ಎಣಿಸಿ ಅಳೆಯುತ್ತವೆ. ಕಣ್ಣಿಗೆ ‘ಸ್ತ್ರೀ’ ಒಂದು ಅಕ್ಷರ, ಯೂನಿಕೋಡಿನಲ್ಲಿ ಆರು. ಕನ್ನಡ ಹೆಸರುಗಳಿರುವ ಫೈಲಿನಲ್ಲಿ ಕಾಲಮು ಸೊಟ್ಟಗಾಗುವುದು ಇದಕ್ಕೇ. ಪೈಥಾನಂತೂ ಹೇಳದಿದ್ದರೆ ‘ಕ’ ಎಂಬುದನ್ನು ಬ್ಯಾಕ್‌ಸ್ಲ್ಯಾಶ್ ಹಾಕಿ ಆರು ಗುರುತಿನ ಸಂಕೇತವಾಗಿ ಬರೆಯುತ್ತದೆ. ಓದಲು ಹೊರಟವನಿಗೆ ಅದು ಇನ್ನೊಂದು ಶಿಕ್ಷೆ.

ಇರಲಿ. ಕುಂದಾಪುರದವರ ಫೈಲಿಗೆ ಬರೋಣ. ಮಗಳು ಸುಳ್ಳು ಬಿಲ್ಲಿನ ಮೇಲೆ ತೋರಿಸಿಕೊಟ್ಟದ್ದನ್ನು ಆಫೀಸಿನ ಐ.ಟಿ. ಹುಡುಗನಿಗೆ ವಿವರಿಸಿದೆ. ಅವನು ಆಫೀಸಿನ ಮೆಶಿನ್ನಿನಲ್ಲೇ ಬಿಲ್ಲಿಗೊಂದು ಸಾಲು ಬರುವಂತೆ ಬರೆಯಿಸಿದ. ಎರಡು ತಿಂಗಳದ್ದೂ ಸೇರಿ ಹಾಳೆಗಳು ಬೆರಳೆಣಿಕೆಯಷ್ಟು. ಜಿ.ಎಸ್.ಟಿ.ಆರ್.-1ರಲ್ಲಿ ಕ್ರೆಡಿಟ್ ನೋಟುಗಳು ಬಿಲ್ಲುಗಳ ಜೊತೆ ಇರುವುದಿಲ್ಲ, ಅವಕ್ಕೆ ಬೇರೆಯೇ ಪಟ್ಟಿ, ಅದರೊಳಗೂ ಗಿರಾಕಿ, ಗಿರಾಕಿಯೊಳಗೆ ನೋಟುಗಳು. ಮಾರ್ಚಿನ ಬಿಲ್ಲುಗಳ ಹಾಳೆ ಎಡಕ್ಕೆ, ಏಪ್ರಿಲಿನ ನೋಟುಗಳ ಹಾಳೆ ಬಲಕ್ಕೆ ಇಟ್ಟೆ. ಅದೇ ಗಿರಾಕಿ, ಅದೇ ಮೌಲ್ಯ, ನಾಲ್ಕು ಸಾಲು ಎದುರುಬದುರು. ಮಾರ್ಚ್ ಕೊನೆಯ ವಾರ ಬರೆದ ನಾಲ್ಕು ಬಿಲ್ಲುಗಳು ಏಪ್ರಿಲಿನಲ್ಲಿ ವಾಪಸು. ಮಾಲೀಕರನ್ನು ಕರೆಸಿ ಕೇಳಿದೆ. ‘ಮಾಲು ರಿಜೆಕ್ಟ್ ಆಯ್ತು ಮಾರಾಯ್ರೆ, ನಾನು ಅಡಗಿಸಿದ್ದಲ್ಲ’ ಎಂದು ಸಾಗಣೆಯ ಚೀಟಿಗಳನ್ನೆಲ್ಲ ತಂದು ತೋರಿಸಿದರು. ನಿಜವೇ ಇತ್ತು. ಮಿತಿ ಏರಿತು, ಆದರೆ ನಿವ್ವಳ ಮಾರಾಟದ ಮೇಲೆ. ಅವರು ಕೇಳಿದಷ್ಟು ಕೊಟ್ಟಿದ್ದರೆ ಬಡ್ಡಿಯ ಭಾರ ಅವರಿಗೇ ಹೆಚ್ಚಾಗುತ್ತಿತ್ತು.

ಈ ಮರುಬರಹದಲ್ಲಿ ಎರಡು ಅಪಾಯಗಳಿವೆ, ಬ್ಯಾಂಕಿನವರು ತಿಳಿದಿರಬೇಕಾದವು. ಫೈಲನ್ನು ಚಂದ ಮಾಡಲು ಪ್ರೋಗ್ರಾಂ ಮೊದಲು ಅದನ್ನು ಓದಿ ಅಂಕಿಗಳನ್ನು ಅಂಕಿಗಳಾಗಿ ನುಂಗುತ್ತದೆ, ಮತ್ತೆ ಉಗುಳುತ್ತದೆ. 1180.50 ಎಂದಿದ್ದದ್ದು 1180.5 ಆಗಿ ಬರುತ್ತದೆ. ಬೆಲೆ ಅದೇ, ಬರಹ ಬೇರೆ. ಇದು ಚಿಲ್ಲರೆ. ದೊಡ್ಡದು ಖಾತೆ ಸಂಖ್ಯೆ. ಜಾವಾಸ್ಕ್ರಿಪ್ಟ್ 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ತಪ್ಪಿಲ್ಲದೆ ಹಿಡಿದಿಟ್ಟುಕೊಳ್ಳಬಲ್ಲದು. ಅದು 16 ಅಂಕಿ. ನಮ್ಮ ದೇಶದ ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆ ಅದಕ್ಕೂ ಉದ್ದ. ಯಾರೋ ಕೋಟ್ ಗುರುತು ಹಾಕದೆ 12345678901234567 ಎಂದು ಬರೆದಿದ್ದರೆ, ಚಂದ ಮಾಡಿದ ಮೇಲೆ ಕೊನೆಯ ಅಂಕಿ 8 ಆಗಿರುತ್ತದೆ. ಜಾಗ ಸರಿಪಡಿಸಲು ಹೋದವನು ಬೇರೊಬ್ಬರ ಖಾತೆಗೆ ಕೈಹಾಕಿದ ಹಾಗೆ! ‘ಜೆ.ಕ್ಯೂ.’ ಎಂಬ ಜನಪ್ರಿಯ ಉಪಕರಣಕ್ಕೂ ಈ ರೋಗವಿತ್ತು, 2023ರ 1.7ನೇ ಆವೃತ್ತಿಯಿಂದ ಮುಟ್ಟದ ಅಂಕಿಗಳನ್ನು ಮೂಲದಲ್ಲಿದ್ದಂತೆ ಉಳಿಸಲು ಕಲಿಯಿತು.

ಎರಡನೆಯದು ರುಜುವಿನದು. ಗಾಳಿಗೆ ಅರ್ಥವಿಲ್ಲ ಎಂದೆನಲ್ಲ, ಡಿಜಿಟಲ್ ರುಜು ಬಂದಲ್ಲಿ ಆ ಮಾತು ನಡೆಯುವುದಿಲ್ಲ. ಇದರ ಉದಾಹರಣೆ ನಮ್ಮ ನವಿ ಮುಂಬಯಿಯಲ್ಲೇ ಇದೆ. ರಿಸರ್ವ್ ಬ್ಯಾಂಕಿನ ಸ್ವಂತ ತಂತ್ರಜ್ಞಾನ ಕಂಪನಿ ‘ರೀಬಿಟ್’ ನೆಲೆಸಿರುವುದು ಅಲ್ಲಿ. ಗಿರಾಕಿಯ ಒಪ್ಪಿಗೆ ಪಡೆದು ಅವನ ಖಾತೆಯ ವಿವರವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಒಯ್ಯುವ ‘ಅಕೌಂಟ್ ಅಗ್ರಿಗೇಟರ್’ ವ್ಯವಸ್ಥೆಗೆ 2016ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿರ್ದೇಶನ ಹೊರಡಿಸಿತು, 2021ರ ಸೆಪ್ಟೆಂಬರಿನಲ್ಲಿ ಅದು ಸಾರ್ವಜನಿಕವಾಗಿ ನಡೆಯತೊಡಗಿತು. ಅದರ ಸಂದೇಶಗಳ ನಮೂನೆ ಬರೆದದ್ದು ರೀಬಿಟ್. ಹೊರಗಿನ ಲಕೋಟೆ ಜೇಸನ್. ಅದರೊಳಗೆ ಬ್ಯಾಂಕುಗಳ ಪಟ್ಟಿ, ಪ್ರತಿ ಬ್ಯಾಂಕಿನೊಳಗೆ ಖಾತೆಗಳ ಪಟ್ಟಿ, ಪ್ರತಿ ಖಾತೆಯಲ್ಲಿ ಬೀಗ ಹಾಕಿದ ವಿವರ. ಕಳಿಸುವವನು ಈ ಲಕೋಟೆಗೆ ರುಜು ಹಾಕಿ, ರುಜುವನ್ನು ಪ್ರತ್ಯೇಕವಾಗಿ ತಲೆಬರಹದಲ್ಲಿ ಕಳಿಸುತ್ತಾನೆ. ರುಜು ಇರುವುದು ಅರ್ಥಕ್ಕಲ್ಲ, ಬಂದ ಅಕ್ಷರಕ್ಷರಕ್ಕೆ. ನಡುವಿನ ಯಾವುದೋ ಸರ್ವರು ಪಾಪ ಒಳ್ಳೆ ಮನಸ್ಸಿನಿಂದ ಒಳಪಟ್ಟಿಯನ್ನು ಎರಡು ಜಾಗ ಬಲಕ್ಕೆ ಸರಿಸಿ ಮುಂದಕ್ಕೆ ಕಳಿಸಿದರೆ ರುಜು ತಾಳೆಯಾಗುವುದಿಲ್ಲ, ಸಂದೇಶ ತಿರಸ್ಕೃತ.

ಇದಕ್ಕೆ ಎರಡು ಬಗೆಯ ಮದ್ದು ಕಂಡುಹಿಡಿದಿದ್ದಾರೆ. 2020ರ ಜೂನಿನಲ್ಲಿ ಬಂದ ಆರ್.ಎಫ್.ಸಿ. 8785 ರುಜು ಹಾಕುವ ಮೊದಲು ಜೇಸನ್ನನ್ನು ಒಂದೇ ಶಿಸ್ತಿಗೆ ತರಬೇಕು ಎನ್ನುತ್ತದೆ: ಜಾಗಗಳೆಲ್ಲ ತೆಗೆದುಹಾಕು, ಹೆಸರುಗಳನ್ನು ಗೊತ್ತಾದ ಕ್ರಮದಲ್ಲಿ ಜೋಡಿಸು. ಒಳಪಟ್ಟಿಗಳ ಕ್ರಮ ಮಾತ್ರ ಮುಟ್ಟಬೇಡ, ಪಟ್ಟಿಯಲ್ಲಿ ಕ್ರಮಕ್ಕೇ ಅರ್ಥವಿದೆ. ನಮ್ಮ ಇ-ಇನ್‌ವಾಯ್ಸಿನವರ ದಾರಿ ಇನ್ನೂ ಜಾಣತನದ್ದು. 2020ರ ಅಕ್ಟೋಬರ್ 1ರಿಂದ 500 ಕೋಟಿ ಮೀರಿದ ವಹಿವಾಟಿನವರಿಗೆ ಕಡ್ಡಾಯವಾಗಿ, ಇಳಿಯುತ್ತ ಇಳಿಯುತ್ತ 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಬಂತು. ಅಂದರೆ ಡೊಂಬಿವಲಿಯ ಗಾಲಾಗಳವರೆಗೆ ಮುಟ್ಟಿತು. ಪ್ರತಿ ಬಿಲ್ಲಿಗೆ ಸಿಗುವ 64 ಅಕ್ಷರದ ಸಂಖ್ಯೆಯನ್ನು ಇಡೀ ಜೇಸನ್ ಅರೆದು ತೆಗೆಯುವುದಿಲ್ಲ. ಮಾರುವವನ ನೋಂದಣಿ ಸಂಖ್ಯೆ, ದಾಖಲೆಯ ಬಗೆ, ಅದರ ನಂಬರು, ಆರ್ಥಿಕ ವರ್ಷ, ಇಷ್ಟರಿಂದ ಮಾತ್ರ. ಒಳಪಟ್ಟಿಯನ್ನು ನೀವು ಹೇಗೆ ಮುರಿದು ಬರೆದರೂ ಆ ಸಂಖ್ಯೆ ಕದಲುವುದಿಲ್ಲ.

2021ರಿಂದ ಆದಾಯ ತೆರಿಗೆಯ ರಿಟರ್ನೂ ಎಕ್ಸ್.ಎಂ.ಎಲ್. ಬಿಟ್ಟು ಜೇಸನ್ ಆಯಿತು. ಈಗ ನನ್ನ ಮೇಜಿಗೆ ಒಂದು ಅರ್ಜಿಯ ಜೊತೆ ಹತ್ತಾರು ಫೈಲು ಬರುತ್ತವೆ. ಪ್ರತಿಯೊಂದಕ್ಕೂ ಎರಡು ಪ್ರತಿ ಇಡುವುದು ನನ್ನ ರೂಢಿ. ಬಂದ ಹಾಗೇ ಇರುವ ಅರ್ಧ ಕಿಲೋಮೀಟರಿನ ಸಾಲು ಒಂದು ಫೋಲ್ಡರಿನಲ್ಲಿ, ಅದಕ್ಕೆ ಯಾರೂ ಕೈ ಹಚ್ಚುವ ಹಾಗಿಲ್ಲ. ಬಿಲ್ಲಿಗೊಂದು ಸಾಲಿನಂತೆ ಬರೆಯಿಸಿದ್ದು ಇನ್ನೊಂದರಲ್ಲಿ, ಅದರ ಮೇಲೆ ಪೆನ್ಸಿಲ್ ಗುರುತು ಹಾಕಲು. ಹೊಸದಾಗಿ ಸೇರಿದ ಹುಡುಗರು ನೋಟ್‌ಪ್ಯಾಡಿನ ಬಗ್ಗೆ ದೂರುತ್ತಾರೆ. ಅವರಿಗೆ ಗೊತ್ತಿಲ್ಲ, 2018ರವರೆಗೆ ಅದಕ್ಕೆ ಲಿನಕ್ಸ್ ಕಡೆಯಿಂದ ಬಂದ ಹೊಸ ಸಾಲಿನ ಗುರುತೇ ಅರ್ಥವಾಗುತ್ತಿರಲಿಲ್ಲ. ಚೆನ್ನಾಗಿ ಮುರಿದು ಕಳಿಸಿದ ಫೈಲನ್ನೂ ಒಂದೇ ಸಾಲು ಮಾಡಿ ತೋರಿಸುತ್ತಿತ್ತು. ಆ ರೋಗ ವಾಸಿಯಾಯಿತು. ಸ್ಟ್ರಿಂಗಿಫೈನ ಮೂರನೇ ಜಾಗ ಮಾತ್ರ 2009ರಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಅದಕ್ಕೆ ಒಂದು ಅಂಕಿ ಕೊಟ್ಟರೆ ಒಳಗಿನದು ಹೊರಗಿನದು ಎಂಬ ಭೇದವಿಲ್ಲದೆ ಎಲ್ಲವನ್ನೂ ಮುರಿಯುತ್ತದೆ.